ಮಾರುವ ಮನೆಗೆ ಸುಣ್ಣ

ಮನೆಗೆ ಸುಣ್ಣ ಬಳಿಸುವ ಸಂದರ್ಭಗಳು ನಮ್ಮ ಕಡೆಯ ಹಳ್ಳಿಗಳಲ್ಲಿ ಗೊತ್ತಾದವು. ಯುಗಾದಿ ಬಂದರೆ ಸುಣ್ಣ. ಮದುವೆ ನಿಶ್ಚಯವಾದರೆ ಸುಣ್ಣ. ಸುತ್ತೂರು ಜಾತ್ರೆಗೆ ನೆಂಟರಿಷ್ಟರು ಬರುವರೆಂದರೆ ಸುಣ್ಣ. ಮನೆಯ ಹಿರಿಯರು ಲಿಂಗೈಕ್ಯರಾದ ಮೇಲೂ ಸಾರಣೆ ಕಾರಣೆಗಳು ನಡೆಯುವುದುಂಟು. ಆದರೆ ಮನೆಯನ್ನು ಮಾರುವುದಕ್ಕೆಂದೇ ಸುಣ್ಣ ಬಳಿಸುವ ಪ್ರಸಂಗ ನಮ್ಮ ಮನೆತನದಲ್ಲಿ ಹಿಂದೆ ಯಾರಿಗೂ ಒದಗಿರಲಿಲ್ಲ. ಅದು ನಮಗೆ, 66ನೆಯ ವಯಸ್ಸಿನಲ್ಲಿ, ಕಳೆದ ವರ್ಷದ ಕಾರ್ತಿಕದಲ್ಲಿ ಒದಗಿತು. ಊರಿನ ಮನೆಗೆ ಬೀಗ ಹಾಕಿ ಪಟ್ಟಣ ಸೇರಿದ ಕುಟುಂಬಗಳು ಇಂದು ಅನೇಕವಾಗಿರುವುದರಿಂದ ವಾಚಕರಲ್ಲಿ ಕೆಲವರಿಗಾದರೂ ಈ ಕಾರ್ಯ ಮುಂದೆ ಬರಬಹುದು. ಆ ಕಾರಣದಿಂದ ನಡೆದದ್ದನ್ನು ನಡೆದಂತೆಯೇ, ನಮಗೆ ಗೌರವ ತಾರದ ಭಾಗವನ್ನೂ ಬಿಡದೆ, ಬರೆಯುತ್ತಿದ್ದೇವೆ.

ನಮ್ಮ ಹುಟ್ಟೂರು ನಂಜನಗೂಡು ತಾಲ್ಲೂಕಿನ ಹದಿನಾರು. ಮೈಸೂರು ಅರಸರ ಮನೆತನದ ಮೂಲಕಥೆಯನ್ನು ಕೇಳಿದವರಿಗೆ ಈ ಹೆಸರು ಹೊಸದಲ್ಲ. 1399ರಲ್ಲಿ ಯದುರಾಯ, ಕೃಷ್ಣರಾಯರೆಂಬ ಸೋದರರು ಈ ಸೀಮೆಗೆ ಬಂದರೆಂದೂ, ದಿಕ್ಕಿಲ್ಲದ ಪಾಳೆಯಗಾರನ ರಾಣಿಯನ್ನೂ ಅವಳ ಮಗಳನ್ನೂ ಕಾರುಗಹಳ್ಳಿಯ ಮಾರನಾಯಕನ ಬಲಾತ್ಕಾರದಿಂದ ಪಾರುಮಾಡಿದರೆಂದೂ, ಅವರಿಗೆ ಒಬ್ಬ ಜಂಗಮರು ನೆರವಾದರೆಂದೂ ಪರಂಪರೆಯ ಕಥೆ ಹೇಳುತ್ತದೆ. ನಮ್ಮ ಊರಿನ ಯಾವ ಹುಡುಗನೂ ಈ ಕಥೆಯನ್ನು ಶಾಲೆಯಲ್ಲಿ ಕಲಿಯಬೇಕಾಗಿಲ್ಲ; ಜಗಲಿಯ ಮೇಲೆಯೇ ಕಲಿತಿರುತ್ತಾನೆ. ಈ ಕಥೆಯನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಅದು ಮುಂದೆ ಬರುವುದು.

ಮನೆ ಕಟ್ಟಿಸಿದವರು ನಮ್ಮ ತಾತನವರು. ಅವರ ಲೆಕ್ಕದ ಪುಸ್ತಕದ ಪ್ರಕಾರ 1936ರಲ್ಲಿ ಗೃಹಪ್ರವೇಶವಾಯಿತು. ನಡುವೆ ತೊಟ್ಟಿ, ಸುತ್ತ ಪಡಸಾಲೆ, ಎಂಟು ಕಂಬ, ಮಣ್ಣಿನ ಗೋಡೆ, ಮೇಲೆ ಮೊದಲು ನಾಡ ಹೆಂಚು, ಆಮೇಲೆ ಮಂಗಳೂರು ಹೆಂಚು. ಹಿಂದೆ ಕೊಟ್ಟಿಗೆ, ಹಿತ್ತಲಲ್ಲಿ ಬಾವಿ. ನಾವು 10 ವರ್ಷದವರಾಗಿದ್ದಾಗ ಶ್ರೀ ಸುತ್ತೂರು ಮಠದ ಆಶ್ರಯದ ವಿದ್ಯಾರ್ಥಿನಿಲಯಕ್ಕೆ ಸೇರಿ, ಮುಂದೆ ಮೈಸೂರಿನಲ್ಲಿ ಸಂಸ್ಕೃತ ಓದಿ, ಅಲ್ಲಿಯೇ ಅಧ್ಯಾಪಕರಾಗಿ ನಿವೃತ್ತರಾದೆವು. ಆದುದರಿಂದ ಈ ಮನೆಯನ್ನು ನಾವು ಬಲ್ಲುದು ರಜೆಯ ಮನೆಯಾಗಿ ಮಾತ್ರ. ಅದರ ಒಳಹೊರಗುಗಳನ್ನು ಬಲ್ಲವಳು ನಮ್ಮಕ್ಕ. ಅದರಲ್ಲಿ ಬಾಳಿದವನು ನಮ್ಮ ತಮ್ಮ. ತೀರ್ಥರೂಪರು 1998ರಲ್ಲಿ ಲಿಂಗೈಕ್ಯರಾದರು. ಮಾತೃಶ್ರೀಯವರು ಹೋದ ಮೇಲೆ ತಮ್ಮನೂ ಮಗನ ಓದಿಗೆಂದು ಮೈಸೂರಿಗೆ ಬಂದ. ಐದು ವರ್ಷ ಮನೆಗೆ ಬೀಗ ಬಿದ್ದಿತ್ತು.

ಬೀಗ ಬಿದ್ದ ಮಣ್ಣಿನ ಮನೆ ಎಷ್ಟು ಬೇಗ ಮುದಿಯಾಗುತ್ತದೆಂಬುದನ್ನು ಕಂಡವರೇ ಬಲ್ಲರು. ಒಂದು ಹೆಂಚು ಸರಿದರೆ ಸಾಕು. ನೀರು ಜಂತೆಯನ್ನು ಹಿಡಿದು ಗೋಡೆಗಿಳಿಯುತ್ತದೆ, ಗೋಡೆಯ ತೇವ ಗೆದ್ದಲನ್ನು ಕರೆಯುತ್ತದೆ. ಒಲೆಯ ಹೊಗೆಯಿಲ್ಲದ ಅಟ್ಟಕ್ಕೆ ಬಾವಲಿ ಬರುತ್ತದೆ. ಇಷ್ಟಾದರೂ ಮಾರುವ ಮಾತನ್ನು ಯಾರೂ ಆಡಿರಲಿಲ್ಲ. ಆಡಿಸಿದ್ದು ತಮ್ಮನ ಕಾಯಿಲೆ. ಅವನ ಎರಡೂ ಮೂತ್ರಪಿಂಡಗಳು ಸೋತು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಾಯಿತು. ಅವನ ಉಳಿತಾಯ ಕರಗಿತು. ನಮ್ಮ ಪಿಂಚಣಿಯಿಂದ ಆದಷ್ಟು ಆಯಿತು. ಒಂದು ಸಂಜೆ ಅವನೇ, ತಲೆ ತಗ್ಗಿಸಿ, "ಅಣ್ಣ, ಊರಿನ ಮನೆ ಕೊಟ್ಟುಬಿಡೋಣವಾ?" ಎಂದು ಕೇಳಿದ. ಬೇಡವೆನ್ನುವ ಬಾಯಿ ನಮಗಿರಲಿಲ್ಲ.

ಮೊದಲ ಸಿದ್ಧತೆ ಕಾಗದಪತ್ರಗಳದು. ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರಗಳು, ಋಣಭಾರ ಪತ್ರ, ಕಂದಾಯ ಕಟ್ಟಿದ ರಸೀದಿಗಳು, ಮನೆ ಗ್ರಾಮಠಾಣದೊಳಗೇ ಇದೆಯೆಂಬುದಕ್ಕೆ ನಕ್ಷೆ, ಇವೆಲ್ಲ ಸೇರಿದ ಮೇಲೆ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. 2013ರಲ್ಲಿ ಈ ಇ-ಸ್ವತ್ತು ವ್ಯವಸ್ಥೆ ಬಂದಂದಿನಿಂದ ಇದಿಲ್ಲದೆ ಹಳ್ಳಿಯ ಮನೆ ನೋಂದಣಿಯಾಗುವುದು ಕಷ್ಟ. ಮಾರಬೇಕೆಂದು ಇಂದು ಯೋಚಿಸುವವರು ಗೋಡೆಗೆ ಕುಂಚ ಮುಟ್ಟಿಸುವ ಮೊದಲು ಈ ಕಂತೆಯನ್ನು ಕಟ್ಟಿಕೊಳ್ಳುವುದು ಲೇಸು. ಕೊಳ್ಳುವವನು ಮನೆಯನ್ನು ನೋಡಿ ಮೆಚ್ಚಿ ಆರು ತಿಂಗಳು ಕಾಯುವುದಿಲ್ಲ.

ವಂಶವೃಕ್ಷ ಬರೆಸುವಾಗ ಒಂದು ಸಂಗತಿ ನಡೆಯಿತು. ತಂದೆಯವರ ಹೆಸರಿನ ಕೆಳಗೆ ಮೂರು ಕೊಂಬೆಗಳು: ಅಕ್ಕ, ನಾವು, ತಮ್ಮ. ತಮ್ಮನು "ಅಕ್ಕನ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮಕ್ಕೆಂದು ಏನಾದರೂ ಕೊಟ್ಟರಾಯಿತು" ಎಂದ. ಸತ್ಯ ಹೇಳಬೇಕೆಂದರೆ ನಮಗೂ ಅದು ಅಸಹಜವೆನಿಸಲಿಲ್ಲ. ನಮ್ಮ ಹಳೆಯ ಶಿಷ್ಯರೊಬ್ಬರು ನಂಜನಗೂಡಿನಲ್ಲಿ ವಕೀಲರು. ಅವರು ನಕ್ಕು ನಮಗೆ ಪಾಠ ಹೇಳಿದರು. 1956ರ ಉತ್ತರಾಧಿಕಾರ ಕಾಯಿದೆಯಲ್ಲಿ 23ನೆಯ ಕಲಮೊಂದಿತ್ತಂತೆ. ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಗಳು ಪಾಲು ಬೇಡುವಂತಿರಲಿಲ್ಲ. ಕರ್ನಾಟಕವು 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯು ಆ 23ನೆಯ ಕಲಮನ್ನು ತೆಗೆದುಹಾಕಿತು, ಮದುವೆಯ ಆ ತೊಡಕನ್ನೂ ನಿವಾರಿಸಿತು. ಆ ವರ್ಷದಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪು ನೀಡಿತು. "ಗುರುಗಳೇ, ಮನೆಯಲ್ಲಿ ಮೂರರಲ್ಲಿ ಒಂದು ಪಾಲು ಅಮ್ಮನವರದು. ಅವರು ಬಿಟ್ಟುಕೊಟ್ಟರೆ ಅದು ಅವರ ದೊಡ್ಡತನ, ನೀವು ಬಿಡಿಸಿಕೊಂಡರೆ ಬೇರೆ ಮಾತು" ಎಂದರು.

ನಾವು ನರಸೀಪುರದ ಕಡೆಗೆ ಅಕ್ಕನ ಊರಿಗೆ ಹೋಗಿ ವಿಷಯ ತಿಳಿಸಿದೆವು. ಅಕ್ಕ ಕೇಳಿಸಿಕೊಂಡು, "ಸಹಿ ಆಮೇಲೆ ಹಾಕೋಣ ಕಣಪ್ಪ. ಮೊದಲು ಮನೆ ಗುಡಿಸ್ಬೇಕಲ್ಲ, ಅದಕ್ಕೆ ಯಾರು ಬರ್ತಾರೆ?" ಎಂದಳು. ಮರುದಿನವೇ ಎರಡು ಪೊರಕೆಗಳೊಡನೆ ಬಸ್ಸಿನಿಂದ ಹದಿನಾರಿನಲ್ಲಿ ಇಳಿದಳು. ಅವಳಿಗೆ ಆಗ 72 ವರ್ಷ.

ಅತ್ತ ತಮ್ಮನ ಮಗನು ಬೆಂಗಳೂರಿನಿಂದ ಬಂದಿದ್ದನು. ಕಂಪ್ಯೂಟರ್ ಕೆಲಸದವನು, ಬುದ್ಧಿವಂತ, ತಂದೆಯ ಮೇಲೆ ಪ್ರಾಣವಿಟ್ಟವನು. ಅವನ ಜೊತೆಗೆ ಮೈಸೂರಿನ ಒಬ್ಬ ಮಧ್ಯಸ್ಥರು. ಇವರಿಬ್ಬರ ಅಭಿಪ್ರಾಯದಲ್ಲಿ ಮನೆಯನ್ನು ಗುಡಿಸಿದರೆ ಸಾಲದು, ಅದನ್ನು ಅಲಂಕರಿಸಬೇಕು. ಅಮೆರಿಕದಲ್ಲಿ ಇದೊಂದು ಉದ್ಯೋಗವೇ ಆಗಿದೆಯೆಂದೂ, ಸಿಯಾಟಲ್ ಸೀಮೆಯ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆ 1972ರಲ್ಲಿ ಇದನ್ನು ಮೊದಲು ಮಾಡಿದರೆಂದು ಹೇಳುವರೆಂದೂ ಹುಡುಗನು ವಿವರಿಸಿದನು. ಆ ಮಹಿಳೆ ಮೊದಲು ರಂಗಭೂಮಿಯಲ್ಲಿದ್ದವರಂತೆ. ನಾಟಕಕ್ಕೆ ರಂಗ ಸಜ್ಜುಗೊಳಿಸುವಂತೆ ಮಾರುವ ಮನೆಯನ್ನು ಸಜ್ಜುಗೊಳಿಸಿದರಂತೆ. ಆದ್ದರಿಂದಲೇ ಅದಕ್ಕೆ 'ಸ್ಟೇಜಿಂಗ್' ಎಂದು ಹೆಸರು. ಮನೆಯವರ ಭಾವಚಿತ್ರಗಳನ್ನು ಇಳಿಸಿ, ಹೆಚ್ಚಿನ ಸಾಮಾನನ್ನು ಸಾಗಿಸಿ, ಬಾಡಿಗೆಗೆ ತಂದ ಪೀಠೋಪಕರಣಗಳನ್ನು ಇಟ್ಟು, ನೋಡಲು ಬಂದವನು "ಇಲ್ಲಿ ನಾನೇ ಇದ್ದೇನೆ" ಎಂದು ಭಾವಿಸುವಂತೆ ಮಾಡುವುದು ಅದರ ತಂತ್ರ.

ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮುಚ್ಚಿದ ಮನೆಯ ಮುಗ್ಗಲು ವಾಸನೆಯಲ್ಲಿ ನಿಂತು ಯಾರೂ ಬಾಳಿನ ಕನಸು ಕಾಣಲಾರರು. ಕಿಟಕಿಗಳನ್ನು ಹದಿನೈದು ದಿನ ಹಗಲೆಲ್ಲ ತೆರೆದಿಟ್ಟದ್ದರಿಂದ, ಬಾವಿಯ ಹೂಳೆತ್ತಿಸಿದ್ದರಿಂದ, ಅಗುಳಿ ಬೀಳದ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟದ್ದರಿಂದ ಮನೆಗೆ ಜೀವ ಬಂದದ್ದನ್ನು ಕಣ್ಣಾರೆ ಕಂಡೆವು. ಒಡೆದ ಹೆಂಚುಗಳನ್ನು ಬದಲಿಸಿದೆವು. ಗೆದ್ದಲು ಹತ್ತಿದ ಒಂದು ಕಂಬದ ಬುಡಕ್ಕೆ ಬಡಗಿಯನ್ನು ಕರೆಸಿ, ತಿಂದ ಭಾಗವನ್ನು ಕೊಯ್ಯಿಸಿ, ಕಲ್ಲಿನ ಪೀಠವನ್ನು ಎತ್ತರಿಸಿ ಕೂರಿಸಿದೆವು. ಇವು ಯಾವುವೂ ವೇಷವಲ್ಲ.

ಗೋಡೆಯ ವಿಷಯದಲ್ಲಿ ಮೊದಲ ಜಗಳವಾಯಿತು. ಮಧ್ಯಸ್ಥರು ಕರೆತಂದ ಮೇಸ್ತ್ರಿ, ತೇವದ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿ, ಪುಟ್ಟಿ ಹಾಕಿ, ಮೇಲೆ ಹೊಳೆಯುವ ಬಣ್ಣ ಬಳಿದರೆ ವಾರದಲ್ಲಿ ಹೊಸ ಮನೆಯಾಗುವುದೆಂದನು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡ್ಡ ನಿಂತಳು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಅದಕ್ಕೆ ಸುಣ್ಣ ಹೊಂದುತ್ತದೆ, ಏಕೆಂದರೆ ಸುಣ್ಣ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ. ಸಿಮೆಂಟೂ ಹೊಳೆಯುವ ಬಣ್ಣವೂ ತೇವವನ್ನು ಒಳಗೇ ಕಟ್ಟಿಹಾಕುತ್ತವೆ. ಕೆಲವೇ ಮಳೆಗಾಲಗಳಲ್ಲಿ ಗಾರೆ ಹಪ್ಪಳದಂತೆ ಎದ್ದು, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಅಕ್ಕ ಈ ಶಾಸ್ತ್ರವನ್ನು ಓದಿದವಳಲ್ಲ. "ಮಣ್ಣಿನ ಗೋಡೆಗೆ ಬಾಯಿ ಕಟ್ಬ್ಯಾಡ್ರಪ್ಪ" ಎಂದಳು, ಅಷ್ಟೆ. ಸುಣ್ಣದ ಕಲ್ಲನ್ನು ತರಿಸಿ, ಹಳೆಯ ಮಡಕೆಯಲ್ಲಿ ನೀರು ಹೊಯ್ದು ಕುದಿಸಿ, ನಾಲ್ಕು ದಿನ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಗಂಜಿಯನ್ನೂ ಒಂದಿಷ್ಟು ನೀಲಿಯನ್ನೂ ಬೆರೆಸಿ ಬಳಿಸಿದಳು. ಕೆಳಗೆ ಕೆಮ್ಮಣ್ಣಿನ ಪಟ್ಟಿ. ಮೇಸ್ತ್ರಿಯ ಅಂದಾಜಿನ ಹತ್ತನೆಯ ಒಂದು ಭಾಗವೂ ಖರ್ಚಾಗಲಿಲ್ಲ.

ಸಾಮಾನು ತೆಗೆಯುವ ಕೆಲಸ ಮೂರು ದಿನ ಹಿಡಿಯಿತು. ಅಟ್ಟದಿಂದ ಇಳಿದದ್ದು ಒಂದು ತೊಟ್ಟಿಲು, ವಾಡೆಗಳು, ಮುರಿದ ಕೂರಿಗೆ, ತಾತನವರ ಲೆಕ್ಕದ ಪುಸ್ತಕ, ನಾವು ಮಠದಿಂದ ಬರೆದಿದ್ದ ಕಾಗದಗಳ ಒಂದು ಕಟ್ಟು. ಆ ಕಾಗದಗಳಲ್ಲೆಲ್ಲ "ಇಲ್ಲಿ ಎಲ್ಲರೂ ಕ್ಷೇಮ" ಎಂದಿದೆಯೇ ಹೊರತು ಹತ್ತು ವರ್ಷದ ಹುಡುಗ ರಾತ್ರಿಯೆಲ್ಲ ಅತ್ತದ್ದು ಒಂದರಲ್ಲಿಯೂ ಇಲ್ಲ. ಹಂಡೆಯನ್ನು ತಮ್ಮನಿಗೆ, ತೊಟ್ಟಿಲನ್ನು ಅಕ್ಕನಿಗೆ, ಪುಸ್ತಕವನ್ನು ನಮಗೆ ಎಂದು ಹಂಚಿಕೊಂಡೆವು. ಒರಳುಕಲ್ಲು ಅಲ್ಲಿಯೇ ಉಳಿಯಿತು; ಅದನ್ನು ಎತ್ತುವವರು ಯಾರು? ಪೂಜೆಯ ಕೋಣೆಯನ್ನು ಬರಿದು ಮಾಡಿದ್ದು ಎಲ್ಲಕ್ಕಿಂತ ಕೊನೆಗೆ. ದೀಪದ ಮಸಿ ಹಿಡಿದ ಗೂಡಿಗೆ ಸುಣ್ಣ ಬಳಿಯುವುದು ಬೇಡವೆಂದು ನಾವು ಹೇಳಿದೆವು. "ಬರೋರು ದೀಪ ಹಚ್ಚೋದು ಬ್ಯಾಡ್ವಾ? ಅವರ ಮಸಿ ಅವರೇ ಹಿಡಿಸ್ಕೊಳ್ಳಲಿ" ಎಂದು ಅಕ್ಕ ತಾನೇ ಕುಂಚ ಎತ್ತಿಕೊಂಡಳು.

ಈ ನಡುವೆ ಮರದ ವ್ಯಾಪಾರಿಯೊಬ್ಬರು ಬಂದು, ಮನೆಯನ್ನು ಕಣ್ಣೆತ್ತಿಯೂ ನೋಡದೆ ಕಂಬಗಳನ್ನು ಬೆರಳಿನಿಂದ ತಟ್ಟಿ, ಎಂಟು ಕಂಬಕ್ಕೂ ತಲೆಬಾಗಿಲಿಗೂ ಬೆಲೆ ಹೇಳಿದರು. ಹಳೆಯ ಮನೆಗಳ ಮರಕ್ಕೆ ಈಗ ರೆಸಾರ್ಟಿನವರಿಂದ ಬೇಡಿಕೆಯಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು, ಹಸ್ತಶಿಲ್ಪದ ಪರಂಪರಾ ಗ್ರಾಮದಲ್ಲಿ ಮತ್ತೆ ಮನೆಯಾಗಿಯೇ ನಿಲ್ಲಿಸಿದರು. ಅದು ದೊಡ್ಡ ತಪಸ್ಸು. ಇದು ಅದಲ್ಲ. ತಮ್ಮನಿಗೂ ಮನಸ್ಸಾಗಲಿಲ್ಲ.

ಇನ್ನು ಹಗೇವಿನ ವಿಷಯ. ಇಂದಿನ ಮಕ್ಕಳಿಗೆ ಈ ಪದವೇ ತಿಳಿಯದು. ನೆಲದೊಳಗೆ ಗುಡಾಣದಂತೆ ತೋಡಿದ, ಬಾಯಿ ಕಿರಿದಾದ, ಒಳಗೆ ಒಬ್ಬಾಳು ನಿಲ್ಲುವಷ್ಟು ಆಳದ ಧಾನ್ಯದ ಕಣಜವೇ ಹಗೇವು. ಸುತ್ತ ಹುಲ್ಲು ಹೊದಿಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗಾಳಿಯಿಲ್ಲದಲ್ಲಿ ಹುಳು ಬದುಕದು. ಆದರೆ ಹುಳುವಿಗೆ ಇಲ್ಲದ ಗಾಳಿ ಮನುಷ್ಯನಿಗೂ ಇಲ್ಲ. ಬಾಯಿ ತೆರೆದ ಕೂಡಲೇ ಇಳಿದು ಪ್ರಾಣ ಬಿಟ್ಟವರ ಕಥೆ ಈ ಸೀಮೆಯಲ್ಲಿ ಬೇಕಾದಷ್ಟಿದೆ. ನಮ್ಮ ಮನೆಯ ಹಗೇವು ಪಡಸಾಲೆಯ ಬಲ ಮೂಲೆಯಲ್ಲಿತ್ತು. ಅದನ್ನು ತೆರೆಯುವ ದಿನ ತಾತನವರು ಮಕ್ಕಳನ್ನು ದೂರ ನಿಲ್ಲಿಸಿ, ಚಪ್ಪಡಿ ಸರಿಸಿ, ಹೊತ್ತು ಕಾದು, ಹಗ್ಗಕ್ಕೆ ಹಣತೆ ಕಟ್ಟಿದ ಬುಟ್ಟಿಯನ್ನು ಇಳಿಬಿಡುತ್ತಿದ್ದರು. ದೀಪ ಆರಿದರೆ ಆ ಹೊತ್ತಿಗೆ ಯಾರೂ ಇಳಿಯುವಂತಿಲ್ಲ. ಕತ್ತಲೆಯ ತಳದಲ್ಲಿ ಆ ದೀಪ ಉರಿಯುವುದನ್ನು ನೋಡುತ್ತ ಉಸಿರು ಹಿಡಿದು ನಿಂತ ನೆನಪು ನಮಗೆ ಇಂದಿಗೂ ಇದೆ.

ಒಂದು ವರ್ಷದ ಅತಿಮಳೆಯಲ್ಲಿ ಹಗೇವಿಗೆ ನೀರು ಒಸರಿ ರಾಗಿಯೆಲ್ಲ ಕೊಳೆಯಿತು. ತಂದೆಯವರು ಬೇಸರದಿಂದ ಅದಕ್ಕೆ ಸಿಕ್ಕಿದ ಮಣ್ಣು, ಹೆಂಚಿನ ಚೂರು, ಹೊಟ್ಟು ಎಲ್ಲವನ್ನೂ ಸುರಿದು ಮೇಲೆ ಕಡಪಾ ಕಲ್ಲು ಹಾಸಿಸಿದರು. ದಮ್ಮಸು ಮಾಡದೆ ತುಂಬಿದ ಗುಂಡಿ ಸುಮ್ಮನಿರುವುದಿಲ್ಲ. ಮಳೆಗಾಲಕ್ಕೊಮ್ಮೆ ನೆಲ ಕುಸಿಯುತ್ತಿತ್ತು. ಕಲ್ಲನ್ನೆತ್ತಿ ಮಣ್ಣು ತುಂಬಿ ಮತ್ತೆ ಹಾಸುತ್ತಿದ್ದರು. ಇದನ್ನು ಬಲ್ಲವರು ನಾವು ಮೂವರೇ.

ನೋಡುವವರು ಬರುವ ದಿನ ಬಂದಿತು. ಬೆಂಗಳೂರಿನ ದಂಪತಿಗಳು, ಹಳ್ಳಿಯ ಮನೆಯನ್ನು ಪ್ರವಾಸಿಗಳ ತಂಗುದಾಣ ಮಾಡುವ ಯೋಚನೆಯವರು. ಚಳಿಗಾಲದಲ್ಲಿ ಹದಿನಾರಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಅವನ್ನು ನೋಡಲು ಬರುವವರಿದ್ದಾರೆಂದು ಅವರ ಲೆಕ್ಕ. ನಾವು ಒಳಗೆ ಹೋಗಿ ನೋಡುತ್ತೇವೆ: ಪಡಸಾಲೆಯ ಬಲ ಮೂಲೆಯಲ್ಲಿ, ಸರಿಯಾಗಿ ಹಗೇವಿನ ಕಲ್ಲಿನ ಮೇಲೆ, ಬಾಡಿಗೆಗೆ ತಂದ ದೊಡ್ಡ ಹಿತ್ತಾಳೆಯ ಉರುಳಿ, ಅದರ ತುಂಬ ನೀರು, ನೀರಿನ ಮೇಲೆ ಸೇವಂತಿಗೆ. ಕೆಳಗೆ ಕೆಂಪು ಜಮಖಾನ. ಕಲ್ಲು ಇಳಿಜಾರಾಗಿರುವುದು ಯಾರ ಕಣ್ಣಿಗೂ ಬೀಳುವಂತಿಲ್ಲ. ನೋಡಲು ಬಲು ಸೊಗಸಾಗಿತ್ತು.

ಮಧ್ಯಸ್ಥರು ಅಷ್ಟಕ್ಕೇ ನಿಲ್ಲಲಿಲ್ಲ. "ಇದು ಯದುರಾಯರ ಕಾಲದ ಜಾಗ ಸಾರ್, ಆರುನೂರು ವರ್ಷದ ಮನೆತನ" ಎಂದು ಆರಂಭಿಸಿ, ಕಂಬಗಳನ್ನು ತೋರಿಸಿ, ರಾಣಿ ಇದೇ ತೊಟ್ಟಿಯಲ್ಲಿ ಕುಳಿತಿದ್ದಳೇನೋ ಎಂಬಂತೆ ಮಾತನಾಡಿದರು. ನಾವು ಮಧ್ಯೆ ಪ್ರವೇಶಿಸಿ, ಕಥೆ ಊರಿನದು, ಮನೆ 1936ರದು ಎಂದು ತಿದ್ದಿದೆವು. ಮಧ್ಯಸ್ಥರು, "ಬುದ್ಧಿಯೋರು ಪಂಡಿತರು, ಎಲ್ಲಕ್ಕೂ ಇಸವಿ ಕೇಳ್ತಾರೆ" ಎಂದು ನಕ್ಕರು. ಇಸವಿಯನ್ನು ತಿದ್ದಲು ಬಾಯಿ ಬಂತು. ಹಗೇವಿನ ಮಾತಿಗೆ ಬರಲಿಲ್ಲ. ಎದುರಿಗೆ ತಮ್ಮ ಕುರ್ಚಿಯ ಮೇಲೆ ಕುಳಿತಿದ್ದನು. ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿತ್ತು; ಮುಖ ಬಿಳುಪೇರಿತ್ತು; ಅವನ ಕಣ್ಣು ನಮ್ಮ ಮೇಲೆಯೇ ಇತ್ತು. ನಾವು ಫೋನು ಬಂದವರಂತೆ ನಟಿಸಿ ಜಗಲಿಗೆ ಎದ್ದುಹೋದೆವು. ದಂಪತಿಗಳು ಚಿತ್ರ ತೆಗೆದುಕೊಂಡು, ಬೆಲೆಯನ್ನು ಒಪ್ಪಿ, ಮುಂಗಡ ಕೊಡಲು ಸೋಮವಾರ ಬರುವೆವೆಂದು ಹೇಳಿ ಹೊರಟರು.

ಆ ರಾತ್ರಿ ನಿದ್ರೆ ಬರಲಿಲ್ಲ. ಮಠದ ದಿನಗಳು ನೆನಪಾದವು. ಜಾತ್ರೆಗೆ ಮುಂಚೆ ವಿದ್ಯಾರ್ಥಿಗಳೆಲ್ಲ ಪ್ರಸಾದದ ಮನೆಯನ್ನು ಗುಡಿಸುತ್ತಿದ್ದೆವು. ಹಿರಿಯರೊಬ್ಬರು ಬಂದು, ಏನನ್ನೂ ಮಾತಾಡದೆ, ಹಾಸಿದ ಚಾಪೆಗಳ ತುದಿಯನ್ನು ಒಂದೊಂದಾಗಿ ಎತ್ತಿ ನೋಡಿಕೊಂಡು ಹೋಗುತ್ತಿದ್ದರು. ಅವರು ಯಾರನ್ನೂ ಬೈದದ್ದಿಲ್ಲ. ಎತ್ತಿದ ತುದಿಯನ್ನು ಹಾಗೆಯೇ ಮಡಿಸಿಟ್ಟು ಮುಂದೆ ಹೋಗುತ್ತಿದ್ದರು. ಕೆಂಪು ಜಮಖಾನದ ತುದಿಯನ್ನು ಎತ್ತಬೇಕಾದವರು ನಾವೇ ಎಂಬುದು ಆ ರಾತ್ರಿ ಸ್ಪಷ್ಟವಾಗಿತ್ತು, ಎತ್ತಿದರೆ ಏನಾಗುವುದೆಂಬುದೂ.

ಬೆಳಿಗ್ಗೆ ವಕೀಲ ಶಿಷ್ಯರಿಗೆ ಫೋನು ಮಾಡಿದೆವು. ಕಾನೂನಿನ ಆಸರೆ ಸಿಕ್ಕರೆ ನಮ್ಮ ಬಾಯಿಗೆ ಬಲ ಬರುವುದೆಂಬ ದೌರ್ಬಲ್ಯ. ಅವರು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮನ್ನು ಹೇಳಿದರು. ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವಿದ್ದರೆ ಅದನ್ನು ಮಾರುವವನೇ ತಿಳಿಸತಕ್ಕದ್ದು. ತಿಳಿಸದಿದ್ದರೆ ವಂಚನೆಗೆ ಸಮ. ತೊಟ್ಟಿಯ ಗೋಡೆಯ ಬಿರುಕು ನೋಡಿದವರಿಗೆ ಕಾಣುತ್ತದೆ. ಅದಕ್ಕೆ ನೋಡುವವರೇ ಹೊಣೆ. ನೆಲದೊಳಗಿನ ಗುಂಡಿ ಹಾಗಲ್ಲ.

ತಮ್ಮನಿಗೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಣ್ಣ, ಅವರು ಕೇಳಿದರೆ ಹೇಳು, ಬೇಡ ಅನ್ನಲ್ಲ. ಕೇಳದೇ ಇದ್ದರೂ ಹೇಳಲೇಬೇಕಾ? ನಿನಗೇನು, ಪಿಂಚಣಿ ಬರ್ತದೆ" ಎಂದ. ಆ ಕೊನೆಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಉತ್ತರ ಕೊಟ್ಟವಳು ಅಕ್ಕ: "ನೀನು ಕೂಸಾಗಿದ್ದಾಗ ಆ ಕಲ್ಲು ಕುಸಿದು ಕಾಲು ಸಿಕ್ಕಾಕ್ಕೊಂಡಿತ್ತಲ್ಲ, ಎಳೆದು ತೆಗೆದೋಳು ನಾನು. ನಾಳೆ ಅಲ್ಲಿ ಓಡಾಡೋ ಕೂಸು ಯಾರದೋ ಏನೋ." ತಮ್ಮ ಎದ್ದು ಹೊರಗೆ ಹೋದ.

ನಾವು ಬೆಂಗಳೂರಿನವರಿಗೆ ಫೋನು ಮಾಡಿ ವಿಷಯ ತಿಳಿಸಿ, ಮೊದಲೇ ಹೇಳದ್ದಕ್ಕೆ ಕ್ಷಮೆ ಕೇಳಿದೆವು. ಅವರು ಸಭ್ಯರು. ಆದರೆ "ಇದೊಂದನ್ನು ಮುಚ್ಚಿಟ್ಟವರು ಇನ್ನೇನನ್ನು ಮುಚ್ಚಿಟ್ಟಿರುವಿರೋ ನಮಗೆ ಹೇಗೆ ತಿಳಿಯಬೇಕು?" ಎಂದು ಕೇಳಿ ವ್ಯವಹಾರವನ್ನು ಕೈಬಿಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೊದಲ ದಿನವೇ ಹೇಳಿದ್ದರೆ ಅವರು ಕೊಳ್ಳುತ್ತಿದ್ದರೆಂದು ನಮಗೆ ಇಂದಿಗೂ ಅನ್ನಿಸುತ್ತದೆ. ಮಧ್ಯಸ್ಥರೂ ದೂರವಾದರು. ಉರುಳಿಯನ್ನು ಅದರ ಒಡೆಯನಿಗೆ ಹಿಂದಿರುಗಿಸಿ, ಜಮಖಾನವನ್ನು ಸುತ್ತಿಟ್ಟೆವು. ತಮ್ಮನು ಒಂದು ತಿಂಗಳು ನಮ್ಮೊಡನೆ ಮಾತಾಡಲಿಲ್ಲ.

ಮಾಘದಲ್ಲಿ ನರಸೀಪುರದ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು, ಹೆಂಡತಿಯನ್ನೂ ವೃದ್ಧ ತಾಯಿಯನ್ನೂ ಕರೆದುಕೊಂಡು ನೋಡಲು ಬಂದರು. ತಾಯಿಗೆ ನಡೆಯಲಾಗದು, ಒಳಗೇ ಕುಳಿತು ಬಿಸಿಲು ಕಾಯಿಸಿಕೊಳ್ಳಲು ತೊಟ್ಟಿಯಿರುವ ಮನೆ ಬೇಕಾಗಿತ್ತು. ಈ ಸಲ ಅಲಂಕಾರವೇನೂ ಇರಲಿಲ್ಲ. ನಾವು ನಮಸ್ಕರಿಸಿ, ಕುಳ್ಳಿರಿಸಿ, ನೀರು ಕೊಟ್ಟು, ಮೊದಲು ತೋರಿಸಿದ್ದೇ ಪಡಸಾಲೆಯ ಬಲ ಮೂಲೆಯನ್ನು. ಆಮೇಲೆ ಕೊಯ್ದು ಕೂರಿಸಿದ ಕಂಬ, ಉತ್ತರದ ಗೋಡೆಯ ತೇವ. ಉಪಾಧ್ಯಾಯರು ನಮ್ಮ ಮುಖವನ್ನು ನೋಡಿ, "ಗುರುಗಳೇ, ನೀವು ಮಾರೋಕೆ ಬಂದಿದ್ದೀರೋ, ಬೇಡ ಅನ್ನಿಸೋಕೆ ಬಂದಿದ್ದೀರೋ?" ಎಂದು ನಕ್ಕರು. ವೃದ್ಧೆ ಮಾತ್ರ ಕೋಲಿನಿಂದ ಆ ಕಲ್ಲನ್ನು ತಟ್ಟಿ ನೋಡಿ, "ಹಗೇವಾ? ನಮ್ಮ ತವರಲ್ಲೂ ಇತ್ತು" ಎಂದರು.

ಹಗೇವನ್ನು ಬಗೆದು, ಕಲ್ಲು ಮಣ್ಣು ಪದರಪದರವಾಗಿ ದಮ್ಮಸು ಮಾಡಿ ತುಂಬುವ ಖರ್ಚು, ಗೋಡೆಯ ಖರ್ಚು ಎಂದು 2 ಲಕ್ಷ ರೂಪಾಯಿ ಕಡಿಮೆ ಮಾಡಿಕೊಂಡು ವ್ಯವಹಾರ ಕುದುರಿತು. ಆ 2 ಲಕ್ಷವನ್ನು ನಮ್ಮ ಪಾಲಿನಲ್ಲಿ ಕಳೆದುಕೊಂಡು ತಮ್ಮನ ಪಾಲು ಮೊದಲಿನ ಲೆಕ್ಕದಂತೆಯೇ ನಿಲ್ಲುವಂತೆ ಮಾಡಿದೆವು. ಇದನ್ನು ಔದಾರ್ಯವೆಂದು ಯಾರೂ ತಿಳಿಯಬಾರದು. "ನಿನಗೇನು, ಪಿಂಚಣಿ ಬರ್ತದೆ" ಎಂಬ ಮಾತಿನ ಋಣ ಅದು. ಅಕ್ಕ ತನ್ನ ಪಾಲನ್ನು ಒಂದು ರೂಪಾಯಿಯೂ ಬಿಡದೆ ತೆಗೆದುಕೊಂಡು, ಮೊಮ್ಮಗಳ ನರ್ಸಿಂಗ್ ಓದಿಗೆಂದು ಬ್ಯಾಂಕಿನಲ್ಲಿಟ್ಟಳು. ನೋಂದಣಿಯ ದಿನ ಮೂವರೂ ಹೆಬ್ಬೆಟ್ಟು ಒತ್ತಿ ಹೊರಬಂದಾಗ ಅವಳು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಅಪ್ಪನ ಮನೆ ಅಂತ ನನ್ನ ಹೆಸರು ಕಾಗದದಲ್ಲಿ ಬಂದಿದ್ದು ಮಾರೋ ದಿನವೇ ನೋಡು" ಎಂದಳು. ಅವಳು ನಗುತ್ತಿದ್ದಳು.

ಆಷಾಢದಲ್ಲಿ ಉಪಾಧ್ಯಾಯರಿಂದ ಫೋನು ಬಂದಿತು. ಕಡಪಾ ಕಲ್ಲನ್ನು ಎತ್ತಿಸಿದ್ದಾರೆ. ಮೇಲಿನ ಮಣ್ಣು ತೆಗೆಯುತ್ತಲೇ ಕೆಳಗೆ ಅರ್ಧದಷ್ಟು ಟೊಳ್ಳು. ಕೆಲಸದವರು ಇಳಿಯಲು ಸಿದ್ಧರಾಗಿ ನಿಂತಿದ್ದಾರೆ, ಇಳಿಸಬಹುದೇ ಎಂದು ಕೇಳಿದರು. ಬೇಡ, ಬಾಯಿ ತೆರೆದಿಟ್ಟು ಒಂದು ದಿನ ಕಾಯಿರಿ, ನಾಳೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಿರಿ, ಆರಿದರೆ ಯಾರನ್ನೂ ಇಳಿಸಬೇಡಿರಿ ಎಂದು ನಾವು ಎರಡೆರಡು ಸಲ ಹೇಳಿದೆವು. ಮರುದಿನ ಮಧ್ಯಾಹ್ನ ಅವರ ಫೋನು ಬಂದಾಗ ನಾವು ಆಸ್ಪತ್ರೆಯಲ್ಲಿ ತಮ್ಮನ ಹಾಸಿಗೆಯ ಪಕ್ಕದಲ್ಲಿದ್ದೆವು. ಯಂತ್ರ ಓಡುತ್ತಿತ್ತು. ಅವನು ಕಣ್ಣು ಮುಚ್ಚಿದ್ದವನು ನಮ್ಮ ಮಾತು ಮುಗಿಯುವವರೆಗೆ ಕಾದು, ಕಣ್ಣು ತೆರೆಯದೆಯೇ ಕೇಳಿದ:

"ದೀಪ ಉರೀತಂತಾ?"

ಉರಿಯಿತಂತೆ ಎಂದೆವು.